ಲೋಹ ಸಿಗುತ್ತದೆ, ಸಹಿ ಸಿಗುವುದಿಲ್ಲ

ಹೊಸ ಶೂ ತಂದರೆ ಡಬ್ಬಿಯೊಳಗೆ ಒಂದು ಪುಟ್ಟ ಪೊಟ್ಟಣ ಇರುತ್ತದೆ. ಒಳಗೆ ಸಬ್ಬಕ್ಕಿಯಂಥ ಕಾಳು, ಮೇಲೆ ‘ತಿನ್ನಬೇಡಿ’ ಅಂತ ಎಚ್ಚರಿಕೆ. ಅದು ಸಿಲಿಕಾ ಜೆಲ್. ತೇವ ಹೀರಿಕೊಳ್ಳುವುದು ಅದರ ಕೆಲಸ. ನಿಲ್ಲಿಸಿಟ್ಟ ಜೆಟ್ ವಿಮಾನದ ಎಂಜಿನ್ ಬಾಯಲ್ಲೂ ಇದೇ ಕಾಳು ತುಂಬಿದ ಚೀಲ ಇಡುತ್ತಾರೆ, ಒಳಗೆ ಪಸೆ ಕೂರದಿರಲಿ ಅಂತ.

2012ರ ಮೇ 28. ಇಂಗ್ಲೆಂಡಿನ ಡಾನ್‌ಕಾಸ್ಟರ್ ವಿಮಾನ ನಿಲ್ದಾಣ. ಹಾರುವ ಸ್ಥಿತಿಯಲ್ಲಿದ್ದ ಜಗತ್ತಿನ ಒಂದೇ ಒಂದು ವಲ್ಕನ್ ಬಾಂಬರ್ ಟೇಕಾಫ್‌ಗೆ ಎಂಜಿನ್ ಜೋರು ಮಾಡಿತು. ಅಂಥದ್ದೊಂದು ಚೀಲ ಒಳಗೇ ಉಳಿದಿತ್ತು. ಎಡಗಡೆಯ ಒಂದು ಎಂಜಿನ್ ಅದನ್ನು ನುಂಗಿ ಒಡೆಯಿತು. ಒಡೆದ ಚೂರುಗಳು ಪಕ್ಕದ ಎಂಜಿನ್‌ಗೂ ನುಗ್ಗಿ ಅದನ್ನೂ ಕೆಡಿಸಿದವು. ಯಾರಿಗೂ ಏಟಾಗಲಿಲ್ಲ. ಆದರೆ ಜಗತ್ತಿನಲ್ಲಿ ಇನ್ನು ಯಾರೂ ತಯಾರಿಸದ, ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದ ಒಲಿಂಪಸ್ ಎಂಜಿನ್‌ಗಳಲ್ಲಿ ಎರಡು ಕೆಲವೇ ಕ್ಷಣದಲ್ಲಿ ಗುಜರಿ ಸೇರಿದವು.

ಉಳಿಸಲೆಂದು ಇಟ್ಟಿದ್ದೇ ಕೆಡಿಸಿತು. ಬ್ರಿಟನ್ನಿನ ಹಳೆ ವಿಮಾನ ಪ್ರಿಯರ ನಡುವೆ ದಶಕಗಳಿಂದ ನಡೆಯುತ್ತಿರುವ ಜಗಳ ಪೂರ್ತಿ ಆ ಒಂದು ಚೀಲದಲ್ಲಿದೆ. ನಿಲ್ಲಿಸಿಟ್ಟು ಕಾಪಾಡುವುದು ಒಂದು ಕಸುಬು, ಹಾರಿಸುತ್ತಾ ಕಾಪಾಡುವುದು ಇನ್ನೊಂದು ಕಸುಬು. ಒಂದರಲ್ಲಿ ಜಾಣತನ ಎನಿಸಿದ್ದು ಇನ್ನೊಂದರಲ್ಲಿ ಅಪಾಯ. ಯುದ್ಧವಿಮಾನ ಹುಟ್ಟಿದ್ದೇ ಹಾರಲಿಕ್ಕೆ, ನೆಲದ ಮೇಲೆ ನಿಂತದ್ದು ಬರೀ ಹೆಣ ಅನ್ನುವವರು ಒಂದು ಕಡೆ. ಕೊನೆಯ ಒಂದನ್ನು ಹಾರಿಸಿ ಕಳೆದುಕೊಂಡರೆ ಮೊಮ್ಮಕ್ಕಳಿಗೆ ಏನು ತೋರಿಸುತ್ತೀರಿ ಅನ್ನುವವರು ಇನ್ನೊಂದು ಕಡೆ. ದೂರದಿಂದ ನೋಡಿದರೆ ಇದು ದುಡ್ಡಿನ ಪ್ರಶ್ನೆ ಅನಿಸುತ್ತದೆ. ದುಡ್ಡು ಬೇಕು, ನಿಜ. ಆದರೆ ಯಾವ ವಿಮಾನ ಉಳಿಯಿತು, ಯಾವುದು ಹೋಯಿತು ಅಂತ ಒಂದೊಂದಾಗಿ ನೋಡುತ್ತಾ ಹೋದರೆ ದುಡ್ಡಿಗಿಂತ ಮೊದಲು ಬೇರೆ ಏನೋ ಕೈಕೊಟ್ಟಿರುತ್ತದೆ.

ವಲ್ಕನ್ ಕಥೆಯನ್ನೇ ಮುಂದುವರಿಸೋಣ. 1952ರಲ್ಲಿ ಮೊದಲು ಹಾರಿದ, ದೊಡ್ಡ ತ್ರಿಕೋನದ ರೆಕ್ಕೆಯ ಈ ವಿಮಾನವನ್ನು ಬ್ರಿಟನ್ ತನ್ನ ಅಣುಬಾಂಬ್ ಹೊರಲಿಕ್ಕೆ ಕಟ್ಟಿಸಿತ್ತು. ವಾಯುಪಡೆ 1993ರಲ್ಲಿ ಕೊನೆಯದನ್ನು ಮಾರಿತು. ಅದರ ನಂಬರ್ ಎಕ್ಸ್‌ಎಚ್558. ಬ್ರಂಟಿಂಗ್‌ಥಾರ್ಪ್ ಎಂಬಲ್ಲಿನ ಒಂದು ಕುಟುಂಬ ಅದನ್ನು ಕೊಂಡು ಕಾಪಾಡಿತು. ಆಮೇಲೆ ಒಂದು ಟ್ರಸ್ಟ್ ಹುಟ್ಟಿತು. ಲಾಟರಿ ನಿಧಿಯಿಂದ 27 ಲಕ್ಷ ಪೌಂಡ್ ಬಂತು. ಉಳಿದದ್ದಕ್ಕೆ ಜನ ಕೈಜೋಡಿಸಿದರು, ಐದು ಪೌಂಡ್ ಹತ್ತು ಪೌಂಡ್ ಕಳಿಸಿದವರೂ ಇದ್ದರು. 2007ರ ಅಕ್ಟೋಬರ್ 18ರಂದು ಅದು ಮತ್ತೆ ಹಾರಿತು. ಎಂಟು ವರ್ಷ ಬ್ರಿಟನ್ನಿನ ಆಕಾಶದಲ್ಲಿ ಸದ್ದು ಮಾಡಿತು. ಸುಮ್ನೆ ಸದ್ದಲ್ಲ, ಗಾಳಿ ಸೇದುವ ಎಂಜಿನ್ ಬಾಯಿ ಒಂದು ವೇಗದಲ್ಲಿ ಊಳಿಟ್ಟಂತೆ ಕೂಗುತ್ತದೆ. ಆ ಕೂಗು ಕೇಳಲಿಕ್ಕೇ ಜನ ಹೊಲಗದ್ದೆ ಬದುವಿನಲ್ಲಿ ಬೆಳಗ್ಗೆಯಿಂದ ಕಾದು ಕೂರುತ್ತಿದ್ದರು.

2015ರ ಅಕ್ಟೋಬರ್ 28ರಂದು ಅದು ಕೊನೆಯ ಸಲ ಇಳಿಯಿತು. ರೆಕ್ಕೆ ಮುರಿದಿರಲಿಲ್ಲ. ಎಂಜಿನ್ ಕೆಟ್ಟಿರಲಿಲ್ಲ. ಜನರ ಪ್ರೀತಿಯಂತೂ ಹೆಚ್ಚೇ ಆಗಿತ್ತು. ನಿಂತಿದ್ದು ಸಹಿ.

ನಮ್ಮಲ್ಲಿ ಹಳೆ ಲಾರಿಗೆ ಎಫ್‌ಸಿ ಮಾಡಿಸುತ್ತೇವೆ ಅಲ್ವಾ? ಬ್ರೇಕ್, ಲೈಟು, ಹೊಗೆ ನೋಡಿ ಆರ್‌ಟಿಒ ಸಹಿ ಹಾಕುತ್ತದೆ. ಲಾರಿ ಕಂಪನಿಯವರು ಬಂದು ‘ಹೌದು, ಇದು ಇನ್ನೂ ಓಡಬಲ್ಲದು’ ಅಂತ ಬರೆದುಕೊಡಬೇಕಾಗಿಲ್ಲ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರವೂ ಚಿಕ್ಕಪುಟ್ಟ ಹಳೆ ವಿಮಾನಗಳಿಗೆ ಸುಮಾರಾಗಿ ಹೀಗೇ ನಡೆದುಕೊಳ್ಳುತ್ತದೆ. ಆದರೆ ವಿಮಾನ ಜಟಿಲವಾದಷ್ಟೂ ನಿಯಮ ಬಿಗಿ. ಹಂಟರ್‌ನಂಥ ಜೆಟ್‌ನಲ್ಲಿ ಹೈಡ್ರಾಲಿಕ್ ಕೈಕೊಟ್ಟರೂ ಪೈಲಟ್ ತೋಳ್ಬಲದಿಂದ ಕೋಲು ಎಳೆದು ಹೇಗೋ ಇಳಿಸಬಹುದು. ವಲ್ಕನ್‌ನಲ್ಲಿ ಆಗುವುದಿಲ್ಲ. ಅದರ ರೆಕ್ಕೆಯ ಅಂಚುಗಳು ಯಂತ್ರಬಲದಿಂದ ಮಾತ್ರ ಅಲುಗುತ್ತವೆ. ಇಂಥ ವಿಮಾನ ಹಾರಬೇಕಾದರೆ ಅದರ ವಿನ್ಯಾಸ ಬಲ್ಲ ಕಂಪನಿಗಳು ಬೆನ್ನಿಗೆ ನಿಲ್ಲಬೇಕು. ಎಲ್ಲಿ ಬಿರುಕು ಬಿಟ್ಟೀತು, ಎಷ್ಟು ಗಂಟೆಗೆ ಯಾವ ಬೋಲ್ಟ್ ಬದಲಿಸಬೇಕು ಅನ್ನುವುದಕ್ಕೆ ಜವಾಬ್ದಾರಿ ಹೊರಬೇಕು.

ವಲ್ಕನ್ ಬೆನ್ನಿಗೆ ಇದ್ದದ್ದು ಬಿಎಇ ಸಿಸ್ಟಮ್ಸ್, ಮಾರ್ಷಲ್ ಏರೋಸ್ಪೇಸ್, ರೋಲ್ಸ್ ರಾಯ್ಸ್. 2015ರ ಸೀಸನ್ ಮುಗಿದ ಮೇಲೆ ನಾವಿಲ್ಲ ಅಂತ ಮೂರೂ ಕಂಪನಿಗಳು ಹೇಳಿದವು. ಬೇರೆ ಯಾವ ವಲ್ಕನ್‌ಗಿಂತಲೂ ಇದು ಶೇ 10ರಷ್ಟು ಜಾಸ್ತಿ ಗಂಟೆ ಹಾರಿತ್ತು. ಅಂದರೆ ಮುಂದೆ ಏನಾಗಬಹುದು ಎಂದು ತೋರಿಸಲು ಇದಕ್ಕಿಂತ ಹಳೆಯ ಅಣ್ಣ ಒಬ್ಬ ಇರಲಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದು. ವಲ್ಕನ್ ಮೇಲೆ ಕೆಲಸ ಮಾಡಿ ಕೈ ಪಳಗಿದವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. ಡ್ರಾಯಿಂಗ್ ಕಪಾಟಿನಲ್ಲಿರುತ್ತದೆ. ಅದನ್ನು ಓದಿ ‘ಇಲ್ಲಿ ಹುಷಾರು’ ಅನ್ನುವವನು ಮನೆಗೆ ಹೋದ ಮೇಲೆ ಸಹಿ ಹಾಕುವವರು ಯಾರು? ಕಂಪನಿಗಳನ್ನು ಆಗ ಬೈದವರು ಬಹಳ. ನಾನಾಗಿದ್ದರೂ ಹಾಕುತ್ತಿರಲಿಲ್ಲ.

ಆಮೇಲಿನದು ಇನ್ನೂ ಬೇಜಾರು. ಹಾರಾಟ ನಿಂತ ವಲ್ಕನ್ ಡಾನ್‌ಕಾಸ್ಟರ್‌ನಲ್ಲೇ ಉಳಿಯಿತು. 2022ರ ನವೆಂಬರ್‌ನಲ್ಲಿ ಆ ವಿಮಾನ ನಿಲ್ದಾಣವೇ ಮುಚ್ಚಿತು. ರೆಕ್ಕೆಯ ಅಗಲ 111 ಅಡಿ. ಹಾರಿಕೊಂಡು ಹೋಗೋಣ ಅಂದರೆ ಅನುಮತಿ ಇಲ್ಲ, ರಸ್ತೆಯಲ್ಲಿ ಸಾಗಿಸೋಣ ಅಂದರೆ ಕೊಯ್ಯಬೇಕು. ಬಾಗಿಲಿಗಿಂತ ದೊಡ್ಡ ಮಂಚವನ್ನು ಕೋಣೆಯೊಳಗೇ ಮಾಡಿಸಿಟ್ಟು, ಆಮೇಲೆ ಮನೆ ಮಾರಲು ಹೊರಟವರ ಪಾಡು.

ಸ್ಪಿಟ್‌ಫೈರ್ ಮಾತ್ರ ಯಾಕೆ ಹಾರುತ್ತಲೇ ಇದೆ?

ಇದಕ್ಕೆ ತದ್ವಿರುದ್ಧ ಸ್ಪಿಟ್‌ಫೈರ್. 1936ರಲ್ಲಿ ಮೊದಲು ಹಾರಿದ ವಿಮಾನ. 20 ಸಾವಿರಕ್ಕೂ ಜಾಸ್ತಿ ಕಟ್ಟಿದ್ದರು. ಇವತ್ತೂ ಜಗತ್ತಿನಲ್ಲಿ ಹಲವಾರು ಡಜನ್ ಸ್ಪಿಟ್‌ಫೈರ್‌ಗಳು ಹಾರುತ್ತವೆ, ನಲವತ್ತು ವರ್ಷದ ಹಿಂದಿಗಿಂತ ಈಗಲೇ ಜಾಸ್ತಿ. ಹಳೆಯದಾದಷ್ಟೂ ಸಂಖ್ಯೆ ಹೆಚ್ಚುವುದು ವಿಚಿತ್ರ ಅಲ್ವಾ?

ಕಾರಣ ಸರಳ. ತಗಡು, ಮೊಳೆ, ಪಿಸ್ಟನ್ ಎಂಜಿನ್. ಒಂದು ಒಳ್ಳೆಯ ವರ್ಕ್‌ಶಾಪ್, ಮೂಲ ಡ್ರಾಯಿಂಗ್, ತಾಳ್ಮೆಯ ಹತ್ತಾರು ಕೈ ಇದ್ದರೆ ಅದರ ಪ್ರತಿ ಭಾಗವನ್ನೂ ಹೊಸದಾಗಿ ಮಾಡಬಹುದು. ಕಟ್ಟಿದ ಕಂಪನಿ ಬಂದು ಸಹಿ ಹಾಕಬೇಕಾಗಿಲ್ಲ, ಆ ಜಾಗದಲ್ಲಿ ಡಕ್ಸ್‌ಫರ್ಡ್‌ನಂಥ ಕಡೆ ಇರುವ ದುರಸ್ತಿ ಸಂಸ್ಥೆಗಳೇ ನಿಂತಿವೆ. ಅಂದರೆ ಸ್ಪಿಟ್‌ಫೈರ್‌ಗೆ ಸಹಿ ಹಾಕುವ ಕೈಗಳು ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಹುಟ್ಟುತ್ತಿವೆ.

ಆದರೆ ಇಲ್ಲೊಂದು ತಕರಾರು ಏಳುತ್ತದೆ. 1940ರ ಮೇ ತಿಂಗಳಲ್ಲಿ ಪಿ9374 ಎಂಬ ಸ್ಪಿಟ್‌ಫೈರ್ ಫ್ರಾನ್ಸಿನ ಕ್ಯಾಲೇ ಕಡಲತೀರದಲ್ಲಿ ಇಳಿದು ಮರಳಲ್ಲಿ ಹೂತುಹೋಯಿತು. 1980ರಲ್ಲಿ ಅಲೆಗಳು ಮರಳನ್ನು ಸರಿಸಿದಾಗ ಮೇಲೆ ಕಂಡಿತು. ನಾಲ್ಕು ದಶಕ ಉಪ್ಪು ನೀರು ತಿಂದ ಅಲ್ಯುಮಿನಿಯಂ ಹೇಗಿರುತ್ತದೆ ಯೋಚಿಸಿ. ಅದನ್ನು ಮತ್ತೆ ಹಾರಿಸಿದರು. 2015ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದಕ್ಕೆ 31 ಲಕ್ಷ ಪೌಂಡ್ ಬಂತು. ಈಗ ಹಾರುತ್ತಿರುವುದರಲ್ಲಿ ಬಹುಪಾಲು ಲೋಹ ಹೊಸದು. ಹಾಗಾದರೆ ಕ್ಯಾಲೇ ತೀರದಲ್ಲಿ ಬಿದ್ದ ವಿಮಾನ ಇದೇನಾ?

ಶುದ್ಧತೆಯ ಪಕ್ಷದವರು ಇಲ್ಲ ಅನ್ನುತ್ತಾರೆ. ಒಂದು ನಂಬರ್ ಪ್ಲೇಟ್ ಇಟ್ಟುಕೊಂಡು ಅದರ ಸುತ್ತ ಹೊಸ ವಿಮಾನ ಕಟ್ಟಿದ್ದಾರೆ ಅಂತ ಮೂದಲಿಸುತ್ತಾರೆ. ನನಗೆ ನೆನಪಾಗುವುದು ನಮ್ಮ ಊರುಗಳ ತೇರು. ಗಾಲಿ ಸವೆದರೆ ಹೊಸ ಗಾಲಿ, ಅಚ್ಚು ಸೀಳಿದರೆ ಹೊಸ ಅಚ್ಚು, ಗೆದ್ದಲು ಹಿಡಿದ ಹಲಗೆಗೆ ಹೊಸ ಹಲಗೆ. ನೂರು ವರ್ಷದಲ್ಲಿ ಹಳೆಯ ಮರ ಎಷ್ಟು ಉಳಿದಿರುತ್ತದೋ ಯಾರೂ ಲೆಕ್ಕ ಇಟ್ಟಿಲ್ಲ. ಆದರೂ ಅದು ಅಜ್ಜ ಎಳೆದ ತೇರೇ. ಯಾಕೆಂದರೆ ಅದು ಪ್ರತಿ ವರ್ಷ ಬೀದಿಗೆ ಬರುತ್ತದೆ, ಅದನ್ನು ಕೆತ್ತುವ ಮನೆತನ ಇದೆ. ಹಾರುವ ಸ್ಪಿಟ್‌ಫೈರ್ ಕೂಡ ಹಾಗೇ. ಅದನ್ನು ಅಸಲಿ ವಸ್ತು ಅಂತ ನೋಡಿದರೆ ಮೋಸ ಅನಿಸುತ್ತದೆ. ಉಳಿದಿರುವ ಕಸುಬು ಅಂತ ನೋಡಿದರೆ ಅಸಲಿಯೇ. ಒಂದು ಷರತ್ತು ಮಾತ್ರ: ಹರಾಜಿನಲ್ಲಿ ಹೊಸ ಲೋಹವನ್ನು 1940ರ ಲೋಹ ಅಂತ ಮಾರಬಾರದು.

ದುಡ್ಡಿಗೂ ಇಲ್ಲೊಂದು ದಾರಿ ಇದೆ. ಎರಡು ಸೀಟಿನ ಸ್ಪಿಟ್‌ಫೈರ್‌ಗಳಲ್ಲಿ ಸಾವಿರಾರು ಪೌಂಡ್ ಕೊಟ್ಟು ಜನ ಅರ್ಧ ಗಂಟೆ ಹಾರಿ ಬರುತ್ತಾರೆ. ಅದಕ್ಕಾಗಿ ಒಂಟಿ ಸೀಟಿನವನ್ನೂ ಎರಡು ಸೀಟಿಗೆ ಬದಲಾಯಿಸುವುದುಂಟು. ಇತಿಹಾಸ ಪ್ರಿಯರು ಹಲ್ಲು ಕಡಿಯುತ್ತಾರೆ. ಆದರೆ ಹ್ಯಾಂಗರ್ ಬಾಡಿಗೆ, ವಿಮೆ, ಮೆಕ್ಯಾನಿಕ್ ಸಂಬಳ ಕಟ್ಟುವುದು ಆ ಸವಾರಿಯ ದುಡ್ಡೇ.

ಲ್ಯಾಂಕಾಸ್ಟರ್ ಬಾಂಬರ್ ಈ ಎರಡರ ನಡುವೆ ಬರುತ್ತದೆ. 7,377 ಕಟ್ಟಿದ್ದರು. ಇವತ್ತು ಜಗತ್ತಿನಲ್ಲಿ ಹಾರಬಲ್ಲವು ಎರಡೇ. ಒಂದು ಬ್ರಿಟಿಷ್ ವಾಯುಪಡೆಯ ಸ್ಮಾರಕ ದಳದ್ದು, ಕಾನಿಂಗ್ಸ್‌ಬಿಯಲ್ಲಿ. ಇನ್ನೊಂದು ಕೆನಡಾದ ಹ್ಯಾಮಿಲ್ಟನ್ನಿನಲ್ಲಿ. 2014ರ ಬೇಸಿಗೆಯಲ್ಲಿ ಕೆನಡಾದ್ದು ಅಟ್ಲಾಂಟಿಕ್ ದಾಟಿ ಬಂದು ಎರಡೂ ಒಟ್ಟಿಗೆ ಹಾರಿದವು. ಮೂರನೆಯದೊಂದು ಲಿಂಕನ್‌ಶೈರ್‌ನ ಈಸ್ಟ್ ಕರ್ಕ್‌ಬಿಯಲ್ಲಿದೆ, ಹೆಸರು ‘ಜಸ್ಟ್ ಜೇನ್’. 1944ರ ಮಾರ್ಚ್‌ನಲ್ಲಿ ನ್ಯೂರೆಂಬರ್ಗ್ ದಾಳಿಗೆ ಹೋದ ಅಣ್ಣ ತಿರುಗಿ ಬರಲಿಲ್ಲ. ಅವನ ನೆನಪಿಗೆ ಪ್ಯಾಂಟನ್ ಸಹೋದರರು ಎಂಬ ಇಬ್ಬರು ರೈತರು ಕೊಂಡ ವಿಮಾನ ಅದು. ಅದು ಹಾರುವುದಿಲ್ಲ, ಆದರೆ ನಾಲ್ಕೂ ಎಂಜಿನ್ ಚಾಲೂ ಮಾಡಿ ಹುಲ್ಲಿನ ಮೇಲೆ ಓಡುತ್ತದೆ. ದುಡ್ಡು ಕೊಟ್ಟವರು ಒಳಗೆ ಕೂರಬಹುದು. ಆ ದುಡ್ಡಿನಲ್ಲಿ ಚಳಿಗಾಲದಲ್ಲಿ ಒಂದೊಂದು ಭಾಗ ಬಿಚ್ಚಿ, ಮತ್ತೆ ಹಾರುವ ಮಟ್ಟಕ್ಕೆ ತರುತ್ತಿದ್ದಾರೆ. ನಿಧಾನ, ಆದರೆ ನನಗೆ ಈ ಇಡೀ ಕ್ಷೇತ್ರದಲ್ಲಿ ತುಂಬಾ ಹಿಡಿಸಿದ ದಾರಿ ಇದು.

ಹಾಗಂತ ನೆಲದ ಮೇಲೆ ಓಡಿಸುವುದು ಹುಡುಗಾಟ ಅಲ್ಲ. 2009ರ ಮೇ 3ರಂದು ಬ್ರಂಟಿಂಗ್‌ಥಾರ್ಪ್‌ನಲ್ಲಿ ವಿಕ್ಟರ್ ಎಂಬ ದೊಡ್ಡ ಜೆಟ್ ಒಂದನ್ನು ಜನರಿಗೆ ತೋರಿಸಲು ರನ್‌ವೇಯಲ್ಲಿ ಜೋರಾಗಿ ಓಡಿಸಿದರು. ಥ್ರಾಟಲ್ ಸಮಯಕ್ಕೆ ಹಿಂದೆ ಬರಲಿಲ್ಲ. ಹಾರಲು ಅನುಮತಿಯೇ ಇಲ್ಲದ ವಿಮಾನ ನೆಲ ಬಿಟ್ಟು ಮೇಲೆದ್ದುಬಿಟ್ಟಿತು! ಪೈಲಟ್ ಹೇಗೋ ಮತ್ತೆ ಇಳಿಸಿದರು. ನೋಡಿದವರು ಚಪ್ಪಾಳೆ ತಟ್ಟಿದರೋ ಏನೋ, ಒಳಗಿದ್ದವರ ಬೆವರು ಇಳಿದಿರಬೇಕು. 2022ರಲ್ಲಿ ವೆಲ್ಸ್‌ಬೋರ್ನ್‌ನಲ್ಲಿ ಇನ್ನೊಂದು ವಲ್ಕನ್ ಇಂಥದ್ದೇ ಓಟದ ಅಭ್ಯಾಸದಲ್ಲಿ ರನ್‌ವೇ ದಾಟಿ ಆಚೆ ಹೋಗಿ ನಿಂತಿತು.

ಶೋರ್‌ಹ್ಯಾಮ್ ಆದ ಮೇಲೆ

2015ರ ಆಗಸ್ಟ್ 22. ದಕ್ಷಿಣ ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ವಿಮಾನ ಪ್ರದರ್ಶನ. 1950ರ ದಶಕದ ಹಂಟರ್ ಜೆಟ್ ಒಂದು ಲೂಪ್ ಹೊಡೆಯಲು ಹೋಗಿ, ಬೇಕಾದಷ್ಟು ಎತ್ತರ ಸಿಗದೆ ಪಕ್ಕದ ಹೆದ್ದಾರಿಗೆ ಬಿತ್ತು. 11 ಮಂದಿ ಸತ್ತರು. ಟಿಕೆಟ್ ಕೊಂಡು ಒಳಗೆ ಕೂತವರು ಯಾರೂ ಅಲ್ಲ, ರಸ್ತೆಯಲ್ಲಿ ಮತ್ತು ರಸ್ತೆ ಬದಿಯಲ್ಲಿ ಇದ್ದವರು. ಪೈಲಟ್ ಬದುಕಿದರು. 2019ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. 2022ರಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಇವು ಕಾನೂನುಬಾಹಿರ ಸಾವುಗಳು ಎಂದು ದಾಖಲಿಸಿದರು.

ಈ ಘಟನೆ ಹಾರಿಸುವವರ ವಾದದ ಬುಡಕ್ಕೇ ಪೆಟ್ಟು ಕೊಟ್ಟಿತು. ಪೈಲಟ್ ತನ್ನ ಜೀವ ಪಣಕ್ಕಿಡುವುದು ಅವನ ಇಷ್ಟ ಅನ್ನಬಹುದು. ಪ್ರದರ್ಶನಕ್ಕೆ ಬಂದವರಿಗೂ ಸ್ವಲ್ಪ ಗೊತ್ತಿರುತ್ತದೆ. ಶನಿವಾರ ಕಾರಿನಲ್ಲಿ ಎಲ್ಲಿಗೋ ಹೊರಟವನಿಗೆ ಹಳೆ ವಿಮಾನದ ಉಸಾಬರಿ ಏನು? ಭೂಭಾಗದ ಮೇಲೆ ಹಾರುವಾಗ ಹಳೆ ಮಿಲಿಟರಿ ಜೆಟ್‌ಗಳು ಸುಮ್ನೆ ನೇರ ಹಾದುಹೋಗಬೇಕು, ಕಸರತ್ತು ಮಾಡಕೂಡದು ಅಂತ ಪ್ರಾಧಿಕಾರ ಕೂಡಲೇ ಕಟ್ಟು ಹಾಕಿತು. ಪ್ರದರ್ಶನದ ನಿಯಮ, ಜನರಿಂದ ಇರಬೇಕಾದ ದೂರ, ಪೈಲಟ್‌ಗಳ ಪರೀಕ್ಷೆ ಎಲ್ಲವೂ ಬಿಗಿಯಾದವು. ಖರ್ಚು ಏರಿತು. ಖಾಸಗಿಯವರ ಹಳೆ ಜೆಟ್‌ಗಳು ಆಕಾಶದಲ್ಲಿ ಕಾಣುವುದು ಕಮ್ಮಿಯಾಯಿತು. ಇದರಿಂದ ಬಹಳ ಕಳೆದುಕೊಂಡೆವು ಅಂತ ಅಭಿಮಾನಿಗಳು ಗೊಣಗುತ್ತಾರೆ. ಹೆದ್ದಾರಿಯಲ್ಲಿ ಸತ್ತವರ ಮನೆಯವರ ಎದುರು ನಿಂತು ಆ ಮಾತು ಹೇಳಲು ಯಾರಿಗಾದರೂ ಬಾಯಿ ಬರುತ್ತದೆಯೇ?

ಜೆಟ್‌ಗಳ ವಿಷಯದಲ್ಲಿ ಇನ್ನೊಂದು ಉದಾಹರಣೆ. ಶಬ್ದದ ಎರಡರಷ್ಟು ವೇಗದ ಲೈಟ್ನಿಂಗ್‌ಗೆ ಬ್ರಿಟನ್ನಿನಲ್ಲಿ ಖಾಸಗಿಯಾಗಿ ಹಾರಲು ಅನುಮತಿ ಸಿಗಲೇ ಇಲ್ಲ. ಕೆಲವು ದಕ್ಷಿಣ ಆಫ್ರಿಕಾಕ್ಕೆ ಹೋಗಿ ಹಾರಿದವು. 2009ರಲ್ಲಿ ಅಲ್ಲಿ ಒಂದಕ್ಕೆ ಆಕಾಶದಲ್ಲಿ ತೊಂದರೆ ಬಂತು, ಪೈಲಟ್ ಹೊರಹಾರಲು ನೋಡಿದರು, ಎಜೆಕ್ಷನ್ ಸೀಟ್ ಕೆಲಸ ಮಾಡಲಿಲ್ಲ. ಸಹಿ ಕೊಡದವರು ಸುಮ್ನೆ ಹಠ ಮಾಡಿರಲಿಲ್ಲ ಅಂತ ಆಗ ಗೊತ್ತಾಯಿತು. ಪಿಸ್ಟನ್ ವಿಮಾನಗಳೂ ಸುರಕ್ಷಿತ ಅಂತಲ್ಲ. 2024ರ ಮೇ 25ರಂದು ಕಾನಿಂಗ್ಸ್‌ಬಿಯ ಬಳಿ ವಾಯುಪಡೆಯ ಸ್ಮಾರಕ ದಳದ ಸ್ಪಿಟ್‌ಫೈರ್ ಬಿದ್ದು ಪೈಲಟ್ ತೀರಿಕೊಂಡರು. ಸರ್ಕಾರವೇ ಸಾಕುವ, ಅತ್ಯಂತ ಜೋಪಾನವಾಗಿ ನೋಡಿಕೊಳ್ಳುವ ದಳದಲ್ಲೇ ಹೀಗಾಯಿತು.

ಹಾಗಾದರೆ ಎಲ್ಲವನ್ನೂ ಮ್ಯೂಸಿಯಂನಲ್ಲಿ ನಿಲ್ಲಿಸಿದರೆ ಮುಗಿಯಿತಾ? ಇಲ್ಲ. ಅಲ್ಲಿ ಸಹಿಯ ಜಾಗದಲ್ಲಿ ಸೂರು ಬರುತ್ತದೆ.

ಅಲ್ಯುಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಅಂತ ನಾವು ಅಡುಗೆಮನೆಯ ಪಾತ್ರೆ ನೋಡಿ ನಂಬಿದ್ದೇವೆ. ವಿಮಾನದ ಅಲ್ಯುಮಿನಿಯಂ ಬೇರೆ. ತಾಮ್ರ, ಸತುವಿನಂಥವು ಬೆರೆಸಿದ ಗಟ್ಟಿ ಮಿಶ್ರಲೋಹ ಅದು. ಬಣ್ಣ ಎದ್ದ ಕಡೆ ನೀರು ಕೂತರೆ ಲೋಹದ ಪದರಗಳ ನಡುವೆ ಬಿಳಿ ಪುಡಿ ಬೆಳೆಯುತ್ತದೆ. ಪದರ ಪದರ ಬಿಟ್ಟುಕೊಂಡು ಉಬ್ಬುತ್ತದೆ. ಮದುವೆ ಮನೆಯ ಚಿರೋಟಿ ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಹಾಗೇ. ಕೈಯಿಂದ ಒತ್ತಿದರೆ ಉದುರುತ್ತದೆ. ಉಕ್ಕಿನ ಬೋಲ್ಟ್ ಅಲ್ಯುಮಿನಿಯಂಗೆ ತಾಗಿದ ಕಡೆ ಇನ್ನೂ ಬೇಗ. ನೀರು ಹೊರಹೋಗುವ ತೂತಿಗೆ ಹಕ್ಕಿ ಗೂಡಿನ ಕಡ್ಡಿ ಸಿಕ್ಕಿದರೆ ಸಾಕು, ರೆಕ್ಕೆಯೊಳಗೆ ಕೆರೆ. ಇಂಗ್ಲೆಂಡಿನ ಮಳೆಯಂತೂ ಗೊತ್ತಲ್ಲ, ಜೋರಾಗಿ ಬಂದು ಹೋಗುವುದಿಲ್ಲ, ದಿನವಿಡೀ ಜಿನುಗುತ್ತದೆ.

ಬ್ಲ್ಯಾಕ್‌ಪೂಲ್‌ನಲ್ಲಿ ಬಯಲಲ್ಲಿ, ಕಡಲ ಗಾಳಿಗೆ ನಿಂತಿದ್ದ ವಲ್ಕನ್ 2006ರಲ್ಲಿ ಗುಜರಿಗೆ ಹೋಯಿತು. ಬೆವರ್ಲಿ ಎಂಬ ದಪ್ಪ ಹೊಟ್ಟೆಯ ಸಾಗಣೆ ವಿಮಾನದ್ದು ಇನ್ನೂ ಖಾರವಾದ ಕಥೆ. ಲಂಡನ್ನಿನ ಹೆಂಡನ್‌ನಲ್ಲಿರುವ ವಾಯುಪಡೆಯ ಮ್ಯೂಸಿಯಂನಲ್ಲೇ ಒಂದಿತ್ತು. ಒಳಗೆ ಜಾಗ ಇರಲಿಲ್ಲ, ಹೊರಗೆ ನಿಲ್ಲಿಸಿದ್ದರು. ಅಲ್ಲೇ ಕೊಳೆತು, ಕೊನೆಗೆ ಕಡಿದು ಹಾಕಿದರು. ಮ್ಯೂಸಿಯಂನ ಅಂಗಳದಲ್ಲೇ! ಪೂರ್ತಿಯಾಗಿ ಉಳಿದ ಒಂದೇ ಬೆವರ್ಲಿ ಹಲ್ ನಗರದ ಬಳಿಯ ಪಾಲ್ ಕೋಟೆಯಲ್ಲಿತ್ತು. 2020ರಲ್ಲಿ ಆ ಕೋಟೆಯೂ ಮುಚ್ಚಿತು. ಅಲ್ಲಿದ್ದದ್ದೆಲ್ಲ ಹರಾಜಿಗೆ ಬಂತು. ಕೊನೆಗೆ ಕಾರ್ಲೈಲ್‌ನ ಸಾಲ್ವೆ ಮ್ಯೂಸಿಯಂ ಅದರ ಕೈ ಹಿಡಿಯಿತು. ಅಷ್ಟು ದೊಡ್ಡದನ್ನು ತುಂಡು ತುಂಡಾಗಿ ಬಿಚ್ಚದೆ ಬೇರೆ ದಾರಿ ಇರಲಿಲ್ಲ.

ಸೂರು ಇದ್ದರೂ ಅದು ನಿಮ್ಮದೇ ಆಗಿರಬೇಕು. ಮ್ಯಾಂಚೆಸ್ಟರ್‌ನ ವಿಜ್ಞಾನ ಮ್ಯೂಸಿಯಂ ತನ್ನ ವಿಮಾನಗಳ ಸಭಾಂಗಣವನ್ನು 2021ರಲ್ಲಿ ಕೈಬಿಟ್ಟಿತು, ಹಳೆ ಕಟ್ಟಡದ ದುರಸ್ತಿ ಭಾರ ಹೊರಲಾಗದೆ. ಒಳಗಿದ್ದ ಶ್ಯಾಕಲ್ಟನ್ ಎಂಬ ಕಡಲ ಕಾವಲು ವಿಮಾನವನ್ನು ಬಿಚ್ಚಿ, ಅದು ಹುಟ್ಟಿದ ಕಂಪನಿಯ ಹೆಸರಿನ ಏವ್ರೋ ಮ್ಯೂಸಿಯಂಗೆ ಸಾಗಿಸಿದರು. ವಿಕ್ಟರ್ ಎಗರಿದ ಬ್ರಂಟಿಂಗ್‌ಥಾರ್ಪ್‌ನಲ್ಲೂ 2020ರಲ್ಲಿ ಜಾಗ ಕಾರು ನಿಲ್ಲಿಸುವ ವ್ಯವಹಾರಕ್ಕೆ ಹೋಯಿತು, ಹಲವು ವಿಮಾನಗಳು ಬೇರೆ ಮನೆ ಹುಡುಕಿಕೊಂಡವು. ಬಾಡಿಗೆ ಮನೆಯಲ್ಲಿ ಆನೆ ಸಾಕಿದ ಹಾಗೆ.

ಒಳ್ಳೆಯ ಸೂರು ಏನು ಮಾಡಬಲ್ಲದು ಎಂದು ನೋಡಬೇಕಾದರೆ ಕಾಸ್ಫರ್ಡ್‌ನ ವಾಯುಪಡೆ ಮ್ಯೂಸಿಯಂಗೆ ಹೋಗಬೇಕು. ಬ್ರಿಟನ್ ಅಣುಬಾಂಬ್ ಹೊರಲು ಕಟ್ಟಿಸಿದ ವಲ್ಕನ್, ವಿಕ್ಟರ್, ವ್ಯಾಲಿಯಂಟ್ ಮೂರೂ ಬಾಂಬರ್‌ಗಳು ಒಂದೇ ಛಾವಣಿ ಕೆಳಗೆ ಇರುವುದು ಅಲ್ಲಿ ಮಾತ್ರ. ವ್ಯಾಲಿಯಂಟ್ ಪೂರ್ತಿಯಾಗಿ ಉಳಿದಿರುವುದು ಜಗತ್ತಿನಲ್ಲಿ ಅದೊಂದೇ. 1957ರ ಮೇ 15ರಂದು ಪೆಸಿಫಿಕ್ ಸಾಗರದಲ್ಲಿ ಬ್ರಿಟನ್ನಿನ ಮೊದಲ ಹೈಡ್ರೋಜನ್ ಬಾಂಬ್ ಪ್ರಯೋಗಕ್ಕೆ ಬಾಂಬ್ ಉದುರಿಸಿದ ವಿಮಾನವೂ ಅದೇ. ಮಿಕ್ಕವುಗಳ ರೆಕ್ಕೆಯ ಮುಖ್ಯ ತೊಲೆಯಲ್ಲಿ 1964ರಲ್ಲಿ ಬಿರುಕು ಕಂಡಿತು, ಮರುವರ್ಷ ಎಲ್ಲವನ್ನೂ ಸೇವೆಯಿಂದ ತೆಗೆದರು. 2 ಸಾವಿರಕ್ಕೂ ಜಾಸ್ತಿ ಕಟ್ಟಿದ ಸ್ಟರ್ಲಿಂಗ್ ಬಾಂಬರ್‌ಗೆ ಈ ಅದೃಷ್ಟವೂ ಇರಲಿಲ್ಲ. ಪೂರ್ತಿಯಾದದ್ದು ಒಂದೂ ಉಳಿದಿಲ್ಲ.

ಮ್ಯೂಸಿಯಂ ಒಳಗೂ ಒಂದು ಜಗಳ ಇದೆ: ಬಣ್ಣ ಬಳಿಯಬೇಕಾ, ಇದ್ದ ಹಾಗೇ ಬಿಡಬೇಕಾ? ಒಂದೇ ಜಾತಿಯ ಎರಡು ವಿಮಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಂಡನ್‌ನ ಹ್ಯಾಲಿಫ್ಯಾಕ್ಸ್ ಬಾಂಬರ್ 1942ರ ಏಪ್ರಿಲ್‌ನಲ್ಲಿ ಜರ್ಮನರ ಟಿರ್ಪಿಟ್ಜ್ ಹಡಗಿನ ಮೇಲೆ ದಾಳಿಗೆ ಹೋಗಿ ಏಟು ತಿಂದು ನಾರ್ವೆಯ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಳಿದಿತ್ತು. ಒಳಗಿದ್ದವರು ಬದುಕಿದರು, ವಿಮಾನ ಮುಳುಗಿತು. 1973ರಲ್ಲಿ ಮೇಲೆತ್ತಿದರು. ಅದನ್ನು ಹೊಸದರಂತೆ ಮಾಡಲಿಲ್ಲ. ತಗಡು ಕಪ್ಪಾಗಿ, ಹರಿದು, ಸೊಟ್ಟಗಾಗಿ ನಿಂತಿದೆ. ಯಾರ್ಕ್‌ಷೈರ್‌ನ ಎಲ್ವಿಂಗ್ಟನ್‌ನಲ್ಲಿರುವ ಹ್ಯಾಲಿಫ್ಯಾಕ್ಸ್ ಅದರ ವಿರುದ್ಧ ತುದಿ. ಅದರ ಹೊಟ್ಟೆಯ ಭಾಗ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಒಬ್ಬ ರೈತನ ಕೋಳಿಗೂಡಾಗಿತ್ತು. ರೆಕ್ಕೆ ಹೇಸ್ಟಿಂಗ್ಸ್ ಎಂಬ ಬೇರೆ ವಿಮಾನದ್ದು. ಹೀಗೆ ಅಲ್ಲಿಂದ ಇಲ್ಲಿಂದ ಕೂಡಿಸಿ ಮಿರಮಿರ ಮಿಂಚುವ ಇಡೀ ವಿಮಾನ ಕಟ್ಟಿದ್ದಾರೆ. ಎಲ್ವಿಂಗ್ಟನ್‌ನದು ವಿಮಾನ ಹೇಗಿತ್ತು ಎಂದು ತೋರಿಸುತ್ತದೆ. ಹೆಂಡನ್‌ನದು ಅದಕ್ಕೆ ಏನಾಯಿತು ಎಂದು ಹೇಳುತ್ತದೆ. ನನಗೆ ಎರಡನೆಯದೇ ಹೆಚ್ಚು.

ಸ್ಕಾಟ್ಲೆಂಡಿನ ನೆಸ್ ಸರೋವರದ ವೆಲಿಂಗ್ಟನ್ ಬಾಂಬರ್‌ನದು ತಮಾಷೆಯ ಕಥೆ. ರಾಕ್ಷಸ ಪ್ರಾಣಿ ಹುಡುಕಲು ಬಂದ ಅಮೆರಿಕನ್ನರ ಸೋನಾರ್‌ಗೆ 1976ರಲ್ಲಿ ಸಿಕ್ಕಿದ್ದು ಪ್ರಾಣಿಯಲ್ಲ, ವಿಮಾನ. 1985ರಲ್ಲಿ ಮೇಲೆತ್ತಿದರು. 45 ವರ್ಷ ನೀರಿನಲ್ಲಿದ್ದ ಅದರ ಬಾಲದ ದೀಪಕ್ಕೆ ಹೊಸ ಬ್ಯಾಟರಿ ಕೊಟ್ಟರೆ ಹತ್ತಿಕೊಂಡಿತು. ಈಗ ಅದು ಹುಟ್ಟಿದೂರಾದ ಬ್ರೂಕ್‌ಲ್ಯಾಂಡ್ಸ್‌ನಲ್ಲಿದೆ.

ಎಡವಿದ ಕಥೆಯೂ ಇದೆ. 2012ರಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬ್ರಿಟಿಷ್ ವಾಯುಪಡೆಯ ಕಿಟ್ಟಿಹಾಕ್ ಎಂಬ ಯುದ್ಧವಿಮಾನ ಒಂದು 70 ವರ್ಷದ ಹಿಂದೆ ಇಳಿದ ಹಾಗೇ ಸಿಕ್ಕಿತು. ಅದನ್ನು ತರಿಸಿಕೊಡುವ ಕೂಲಿಗೆ ವಾಯುಪಡೆಯ ಮ್ಯೂಸಿಯಂ ತನ್ನ ಸಂಗ್ರಹದ ಒಂದು ಸ್ಪಿಟ್‌ಫೈರ್ ಕೊಟ್ಟುಬಿಟ್ಟಿತು. ಕಿಟ್ಟಿಹಾಕ್ ಈಜಿಪ್ಟ್ ಬಿಟ್ಟು ಬರಲೇ ಇಲ್ಲ. ಅಲ್ ಅಲಮೈನ್‌ನ ಮ್ಯೂಸಿಯಂನಲ್ಲಿ ಗಾಢ ಬಣ್ಣ ಬಳಿಸಿಕೊಂಡು ನಿಂತಿತು. ಮರಳು ಉಜ್ಜಿ ಉಜ್ಜಿ ಬೆಳ್ಳಗಾಗಿದ್ದ ಆ ಮೈ ಹೋಯಿತು. ಕೈಯಲ್ಲಿದ್ದದ್ದೂ ಹೋಯಿತು, ಕಂಡದ್ದೂ ದಕ್ಕಲಿಲ್ಲ.

ಕೈಗಳ ಮಾತಿಗೆ ವಾಪಸ್ ಬರೋಣ. ಮಸ್ಕಿಟೊ ಎಂಬ ಮರದ ಬಾಂಬರ್ ಇತ್ತು. ಪ್ಲೈವುಡ್, ಬಾಲ್ಸಾ ಮರ, ಅಂಟು. ಮೊದಮೊದಲಿಗೆ ಬಳಸಿದ್ದು ಹಾಲಿನ ಕೇಸಿನ್‌ನಿಂದ ಮಾಡಿದ ಅಂಟು. 1944ರಲ್ಲಿ ಬ್ರಿಟಿಷ್ ವಾಯುಪಡೆಯ 45ನೇ ಸ್ಕ್ವಾಡ್ರನ್ ಈ ವಿಮಾನ ಕಲಿತದ್ದು ನಮ್ಮ ಯಲಹಂಕದಲ್ಲಿ. ಅದೇ ವರ್ಷದ ಕೊನೆಗೆ ಭಾರತದಲ್ಲಿ ಕೆಲವು ಮಸ್ಕಿಟೊಗಳು ಆಕಾಶದಲ್ಲೇ ಮುರಿದವು. ಅಂಟು ಬಿಟ್ಟಿತಾ, ಜೋಡಿಸಿದ್ದೇ ಸರಿಯಿರಲಿಲ್ಲವಾ ಅಂತ ತನಿಖೆ ನಡೆಯಿತು. ಬ್ರಿಟನ್ನಿನಲ್ಲಿ ಹಾರುತ್ತಿದ್ದ ಕೊನೆಯ ಮಸ್ಕಿಟೊ 1996ರಲ್ಲಿ ಮ್ಯಾಂಚೆಸ್ಟರ್ ಬಳಿ ಬಿತ್ತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನ್ಯೂಜಿಲೆಂಡಿನಲ್ಲಿ ಮರಗೆಲಸ ಬಲ್ಲವರು ಆ ಮೈಯ ಅಚ್ಚನ್ನೇ ಮತ್ತೆ ಮಾಡಿ, ಮರದ ಪದರ ಬಗ್ಗಿಸಿ, 2012ರಲ್ಲಿ ಒಂದನ್ನು ಹಾರಿಸಿದರು. ಆಮೇಲೆ ಇನ್ನೂ ಕೆಲವು. ಮಸ್ಕಿಟೊ ಬ್ರಿಟನ್ನಿನದು, ಅದನ್ನು ಕಟ್ಟುವ ಕೈಗಳು ಈಗ ಆಕ್ಲೆಂಡ್ ಹತ್ತಿರ.

ಭಾರತವೂ ಈ ಕಥೆಯಲ್ಲಿ ಬರೀ ಪ್ರೇಕ್ಷಕ ಅಲ್ಲ. ವೆಸ್ಟ್‌ಲ್ಯಾಂಡ್ ವಾಪಿಟಿ ಎಂಬ ಬ್ರಿಟಿಷ್ ವಿಮಾನದಿಂದಲೇ 1933ರಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾದದ್ದು. ಜಗತ್ತಿನಲ್ಲಿ ಉಳಿದಿರುವ ಒಂದೇ ವಾಪಿಟಿ ದೆಹಲಿಯ ಪಾಲಂ ಮ್ಯೂಸಿಯಂನಲ್ಲಿದೆ. ಹೆಂಡನ್ ಮ್ಯೂಸಿಯಂ ಸಂಗ್ರಹದ ಟೆಂಪೆಸ್ಟ್ ಯುದ್ಧವಿಮಾನಗಳಲ್ಲಿ ಒಂದು ಇಲ್ಲಿಂದ ಹೋದದ್ದು. ಲಿಬರೇಟರ್ ಬಾಂಬರ್‌ನದು ಇನ್ನೂ ಚೆಂದ. ಅಮೆರಿಕದಲ್ಲಿ ತಯಾರಾಗಿ ಬ್ರಿಟಿಷ್ ವಾಯುಪಡೆಗೆ ಬಂದಿದ್ದ ಈ ವಿಮಾನಗಳನ್ನು ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು, ಇನ್ನಾರೂ ಬಳಸಬಾರದು ಅಂತ. 1948ರಲ್ಲಿ ಬೆಂಗಳೂರಿನ ಎಚ್‌ಎಎಲ್ ಆ ಗುಜರಿಯಿಂದ ಸುಮಾರು 40 ವಿಮಾನಗಳನ್ನು ಎತ್ತಿತು. ಅಲ್ಲೇ ಒಂದಿಷ್ಟು ಸರಿಮಾಡಿ, ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. 1968ರವರೆಗೆ ಅವು ಸೇವೆಯಲ್ಲಿದ್ದವು. ಬ್ರಿಟನ್ ತನಗೊಂದು ಲಿಬರೇಟರ್ ಬೇಕು ಅಂದಾಗ 1974ರಲ್ಲಿ ಭಾರತವೇ ಕೊಟ್ಟಿತು. ಅವರು ಕೆಡಿಸಿಟ್ಟು ಹೋದ ಸಾಲಿನಿಂದ ನಾವು ಉಳಿಸಿ ಕಳಿಸಿದ್ದನ್ನು ಇವತ್ತು ಅವರ ಮ್ಯೂಸಿಯಂನಲ್ಲಿ ನೋಡಬಹುದು.

ಈಗ ಜಾಗ್ವಾರ್ ಸರದಿ. ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಮಾಡಿದ ದಾಳಿ ವಿಮಾನ. ಬ್ರಿಟನ್ 2007ರಲ್ಲಿ ಬಿಟ್ಟಿತು. ಕೆಲವು ಮ್ಯೂಸಿಯಂ ಸೇರಿದವು, ಹಲವು ಕಾಸ್ಫರ್ಡ್‌ನ ತರಬೇತಿ ಶಾಲೆಯಲ್ಲಿ ಹುಡುಗರು ನಟ್ಟು ಬಿಚ್ಚಿ ಕಲಿಯಲು ನಿಂತವು. ಫ್ರಾನ್ಸ್ ಬಿಟ್ಟಿತು, ಒಮಾನ್ ಬಿಟ್ಟಿತು. ಜಗತ್ತಿನಲ್ಲಿ ಈಗ ಅದನ್ನು ಹಾರಿಸುತ್ತಿರುವುದು ಭಾರತ ಒಂದೇ. ಬಿಡಿಭಾಗಕ್ಕಾಗಿ ಹೊರದೇಶಗಳಲ್ಲಿ ನಿವೃತ್ತವಾದ ಜಾಗ್ವಾರ್‌ಗಳನ್ನು ತರಿಸಿಕೊಂಡಿದ್ದೇವೆ. ಅಂದರೆ ಅಲ್ಲಿ ಮ್ಯೂಸಿಯಂಗೆ ಹೋಗಬಹುದಾಗಿದ್ದ ಮೈ ಇಲ್ಲಿ ಹಾರುವ ಅಣ್ಣತಮ್ಮಂದಿರಿಗೆ ಅಂಗದಾನ ಮಾಡುತ್ತಿದೆ. ಇನ್ನೊಂದಷ್ಟು ವರ್ಷದಲ್ಲಿ ಇವೂ ನಿಲ್ಲುತ್ತವೆ. ಆಗ ಬ್ರಿಟನ್ನಿನಲ್ಲಿ ಯಾರಾದರೂ ದುಡ್ಡು ಕೂಡಿಸಿ, ಹ್ಯಾಂಗರ್ ಹಿಡಿದು, ಒಂದು ಜಾಗ್ವಾರನ್ನು ಮತ್ತೆ ಹಾರಿಸೋಣ ಅಂತ ಹೊರಟರು ಅಂದುಕೊಳ್ಳಿ. ಲೋಹ ಅಲ್ಲೇ ಸಿಗುತ್ತದೆ. ಆದರೆ ಅದರ ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕೂರಿಸಿ ‘ಇಲ್ಲಿ ಹುಷಾರು’ ಅನ್ನಬಲ್ಲವರನ್ನು ಹುಡುಕಿಕೊಂಡು ಅವರು ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್‌ಗೇ ಬರಬೇಕಾದೀತು. ಅಷ್ಟರಲ್ಲಿ ಇಲ್ಲಿನವರೂ ನಿವೃತ್ತರಾಗಿರದಿದ್ದರೆ.